ಬಲಕ್ಕೆ ತಿರುಗಿದ ಹುಣಸೆಕಾಯಿ

ಮಾರಯ್ಯನವರ ಮನೆಯ ಕಿಟಕಿಗೆ ಗ್ರಿಲ್ ಇಲ್ಲ. ನಾಲ್ಕು ಮರದ ಸರಳುಗಳಿವೆ, ಅದರಲ್ಲಿ ಒಂದು ಮುರಿದಿದೆ. ಆ ಸಂದಿಯಲ್ಲಿ ಬೆಕ್ಕು ನುಗ್ಗಿ ಹಾಲು ಕುಡಿದು ಹೋಗುತ್ತದೆ. ಮನೆ ಇರುವುದು ಚಿಕ್ಕಲಸಂದ್ರದ ಹಳೇ ಊರಿನಲ್ಲಿ, ಬೀದಿಗೆ ಮುಖ ಮಾಡಿಕೊಂಡು. ಮಾರಯ್ಯನವರ ಕಸುಬು ಕಿಟಕಿಗಳಿಗೆ ಗ್ರಿಲ್ ಮಾಡುವುದು. ಹದಿನೆಂಟು ವರ್ಷದಿಂದ ಅದೇ ಕೆಲಸ.

ಇದನ್ನು ಬಡತನ ಅಂದುಕೊಂಡರೆ ತಪ್ಪಾಗುತ್ತದೆ. ಕೆಲಸ ಮಾಡುವ ಷೆಡ್ಡಿನಲ್ಲಿ ತುಂಡು ಕಬ್ಬಿಣ ರಾಶಿ ಬಿದ್ದಿರುತ್ತದೆ. ಒಯ್ದು ಹಾಕಿಕೋ ಎಂದು ಸಾಹುಕಾರ ಕೊಟ್ರಪ್ಪನವರೇ ಎಷ್ಟೋ ಸಲ ಹೇಳಿದ್ದಾರೆ. ಮಾರಯ್ಯ ಒಯ್ದಿಲ್ಲ. ಹೆಂಡತಿ ಗೋವಿಂದಮ್ಮ ಬೆಕ್ಕಿಗೂ ಗಂಡನಿಗೂ ಒಂದೇ ಉಸಿರಿನಲ್ಲಿ ಬಯ್ಯುತ್ತಾರೆ. ಆದರೂ ಒಯ್ದಿಲ್ಲ.

ಬೆಳಿಗ್ಗೆ ಐದೂವರೆಗೆ ಅವರ ಸೈಕಲ್ಲು ಬನಶಂಕರಿ ಗುಡಿ ದಾಟಿ ಸಾರಕ್ಕಿ ಗೇಟಿನ ಹತ್ತಿರ ಒಳಗೆ ಹೊರಳುತ್ತದೆ. ತಗಡಿನ ಷೆಡ್ಡು. ಮೇಲೆ ‘ಕೊಟ್ರಪ್ಪ ಅಂಡ್ ಸನ್ಸ್, ಗ್ರಿಲ್ ವರ್ಕ್ಸ್’ ಎಂಬ ಬೋರ್ಡು. ಸನ್ಸ್ ಇಬ್ಬರೂ ಕಾಲೇಜಿನಲ್ಲಿದ್ದಾರೆ, ಅವರು ಷೆಡ್ಡಿಗೆ ಬರುವುದು ಆಯುಧಪೂಜೆಯ ದಿನ ಮಾತ್ರ. ಎಂಟು ಗಂಟೆಗೆಲ್ಲ ಕರೆಂಟ್ ಹೋಗುತ್ತದೆ, ಮತ್ತೆ ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಅದಕ್ಕೆ ಬೆಸುಗೆಯವರು ಬೆಳಕು ಹರಿಯುವ ಮೊದಲೇ ಬಂದು ಕೂರುತ್ತಾರೆ. ಅವರ ಕೈಗೆ ಸಾಮಾನು ಒದಗಿಸುವುದು ಮಾರಯ್ಯನವರ ಪಾಲು.

ಸೊಂಟಕ್ಕೆ ಗೋಣಿತಾಟು ಕಟ್ಟಿಕೊಂಡು ಅವರು ಒಂದು ದಪ್ಪ ಕಬ್ಬಿಣದ ಹಲಗೆಯ ಮುಂದೆ ನಿಲ್ಲುತ್ತಾರೆ. ಹಲಗೆಯ ಮೇಲೆ ಹೆಬ್ಬೆರಳು ಗಾತ್ರದ ಗೂಟಗಳು ಎದ್ದು ನಿಂತಿವೆ. ಗೂಟಗಳ ಸಂದಿಗೆ ಕಬ್ಬಿಣದ ಪಟ್ಟಿಯನ್ನು ಸಿಕ್ಕಿಸಿ, ಕವಲು ಬಾಯಿಯ ಸರಳಿನಿಂದ ಮೀಟುತ್ತಾರೆ. ಪಟ್ಟಿ ಗೂಟವನ್ನು ಸುತ್ತಿಕೊಂಡು ಬಾಗುತ್ತದೆ. ಮೂರು ಉಬ್ಬು, ಒಂದು ಕೊಂಕಿದ ತುದಿ, ವಾಪಸು ಬರುತ್ತಾ ಮತ್ತೆ ಮೂರು ಉಬ್ಬು. ಕೈ ತೆಗೆದಾಗ ಹಲಗೆಯ ಮೇಲೆ ಒಂದು ಹುಣಸೆಕಾಯಿ ಮಲಗಿರುತ್ತದೆ. ಬೆಂಕಿ ಇಲ್ಲ, ಸುತ್ತಿಗೆ ಇಲ್ಲ.

“ಕಬ್ಬಿಣದ ಜೊತೆ ಜಗಳ ಆಡಬಾರ್ದು ಸಾರ್” ಎನ್ನುತ್ತಾರೆ ಪೇಪರಿಗೆ ಬರೆಯಲು ಹೋದವರಿಗೆ, ಮುಂದಿನ ಪಟ್ಟಿಗೆ ಕೈ ಹಾಕುತ್ತಾ. “ಬೇಕಾಗಿರೋದಕ್ಕಿಂತ ಸ್ವಲ್ಪ ಜಾಸ್ತಿ ಬಗ್ಗಿಸಿ ಬಿಟ್ಬಿಡ್ಬೇಕು. ಅದೇ ಹಿಂದಕ್ಕೆ ಬಂದು ಜಾಗದಲ್ಲಿ ಕೂತ್ಕೊಂತದೆ.”

ಒಂದು ಕಿಟಕಿಗೆ ಹನ್ನೆರಡು ಕಾಯಿ. ದಿನಕ್ಕೆ ಐದು ಕಿಟಕಿಯ ಕೆಲಸ. ಬಲಗೈ ಎಡಗೈಗಿಂತ ದಪ್ಪವಾಗಿದೆ. ಅಂಗಿ ಹೊಲಿಸುವಾಗ ದರ್ಜಿಗೆ ಎರಡೂ ತೋಳಿನ ಅಳತೆ ಬೇರೆ ಬೇರೆ ತಗೋ ಎಂದು ಹೇಳಬೇಕು. ವಯಸ್ಸು ನಲವತ್ತನಾಲ್ಕು. ರಾತ್ರಿ ಭುಜಕ್ಕೆ ಹರಳೆಣ್ಣೆ ತಿಕ್ಕಿಸಿಕೊಳ್ಳದಿದ್ದರೆ ಬೆಳಿಗ್ಗೆ ಕೈ ಎತ್ತಲು ಬರುವುದಿಲ್ಲ.

ಈ ಹುಣಸೆಕಾಯಿ ಗ್ರಿಲ್ಲನ್ನು ಜಯನಗರದಿಂದ ಬಿ.ಟಿ.ಎಂ. ಲೇಔಟ್‌ವರೆಗೆ ಮನೆ ಕಟ್ಟಿದವರೆಲ್ಲ ಬಲ್ಲರು. ಮೇಸ್ತ್ರಿಗಳು ಬಲ್ಲರು, ಎಂಜಿನಿಯರುಗಳು ಬಲ್ಲರು. ಅವರೆಲ್ಲ ಅದನ್ನು ಕರೆಯುವುದು ‘ದೇವದಾಸ್ ಗ್ರಿಲ್’ ಎಂದು. ಆ ಹೆಸರು ಕಿವಿಗೆ ಬಿದ್ದರೆ ಮಾರಯ್ಯನವರ ಕೈ ನಿಲ್ಲುತ್ತದೆ. ಆಮೇಲೆ ಬಗ್ಗಿಸುವ ಕಾಯಿ ಒಂದು ಕೂದಲೆಳೆ ಜಾಸ್ತಿಯೇ ಬಗ್ಗುತ್ತದೆ.

ಮಾರಯ್ಯನವರ ತಂದೆ ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿದವರು. ಮಗ ಜಯನಗರದ ಹೊಸ ಮನೆಗಳಿಗೆ ಮರಳು ಹೊತ್ತು, ಅಲ್ಲಿಂದ ಕೊಟ್ರಪ್ಪನವರ ಷೆಡ್ಡಿಗೆ ಬಂದರು. ಕೊಟ್ರಪ್ಪನವರು ಹರಪನಹಳ್ಳಿ ಕಡೆಯವರು, ಚಿಕ್ಕಪೇಟೆಯಲ್ಲಿ ಕಬ್ಬಿಣದ ಅಂಗಡಿಯ ಗುಮಾಸ್ತೆಯಾಗಿದ್ದು, ಊರು ದಕ್ಷಿಣಕ್ಕೆ ಬೆಳೆಯುವುದನ್ನು ಸರಿಯಾದ ಹೊತ್ತಿಗೆ ಕಂಡುಕೊಂಡು ಷೆಡ್ಡು ಹಾಕಿದವರು. ಆಗ ಎಲ್ಲ ಕಿಟಕಿಗೂ ಎರಡೇ ಡಿಸೈನು: ಉದಯಿಸುವ ಸೂರ್ಯ, ಇಲ್ಲವೇ ನವಿಲು. ಯಾವ ಷೆಡ್ಡಿಗೆ ಹೋದರೂ ಅದೇ ಸೂರ್ಯ, ಅದೇ ನವಿಲು.

ಎಪ್ಪತ್ತನಾಲ್ಕರಲ್ಲಿ ಗಿರಿಜಾದೇವಿ ಬಂದರು. ನಿವೃತ್ತ ಹೆಡ್‌ಮಿಸ್ಟ್ರೆಸ್, ಜಯನಗರ ಐದನೇ ಬ್ಲಾಕಿನಲ್ಲಿ ಮನೆ ಕಟ್ಟಿಸುತ್ತಿದ್ದರು. ನವಿಲು ತೋರಿಸಿದರೆ “ನಂಗೆ ಬೇಡ, ನಮ್ಮ ಪಕ್ಕದ ಮನೆಯಲ್ಲೂ ಇದೆ” ಅಂದರು. ಸೂರ್ಯ ತೋರಿಸಿದರೆ “ಎದುರುಗಡೆ ಮನೆಯಲ್ಲಿದೆ” ಅಂದರು. ಸಾಹುಕಾರರಿಗೆ ರೇಗಿತು. ಅಳತೆ ತರಲು ಮಾರಯ್ಯ ಹೋದರು. ಸೈಟಿನ ಮೂಲೆಯಲ್ಲಿ ಪಾಯಕ್ಕೆ ಅಡ್ಡ ಬಂತೆಂದು ಕಡಿಸಿದ ಹುಣಸೆ ಮರದ ಬುಡ ಇನ್ನೂ ಇತ್ತು. ಕೊಂಬೆಗಳು ಒಂದು ಪಕ್ಕ ಬಿದ್ದಿದ್ದವು, ಕಾಯಿ ಸಮೇತ. ಮಾರಯ್ಯ ಒಂದು ಕಾಯಿ ಕಿತ್ತು ಜೇಬಿಗೆ ಹಾಕಿಕೊಂಡರು. ಸಾರಿಗೆ ಎಂದು ಕಿತ್ತದ್ದು. ಷೆಡ್ಡಿಗೆ ಬಂದ ಮೇಲೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಕಿಟಕಿಯಷ್ಟೇ ದೊಡ್ಡದಾಗಿ ಬರೆದರು. ಅವರಿಗೆ ಕಾಗದದ ಮೇಲೆ ಬರೆಯಲು ಬರುವುದಿಲ್ಲ, ಚಿಕ್ಕದಾಗಿ ಬರೆಯಲೂ ಬರುವುದಿಲ್ಲ. ನೆಲವೇ ಆಗಬೇಕು, ಪೂರ್ತಿ ಅಳತೆಯೇ ಆಗಬೇಕು. ಮಾರನೆಯ ದಿನ ಹಲಗೆಗೆ ಗೂಟ ಹೊಡೆಸಿದರು.

ಗ್ರಿಲ್ಲನ್ನು ಬೆಸೆಯುವಾಗ ಬೋರಲು ಹಾಕುತ್ತಾರೆ. ಬೆಸುಗೆಯ ಗಂಟುಗಳು ಮನೆಯ ಒಳಗಡೆಗೆ ಉಳಿಯಲಿ, ಬೀದಿಗೆ ಕಾಣದಿರಲಿ ಎಂದು. ಹಾಗಾಗಿ ಬೀದಿಯಿಂದ ನೋಡುವಾಗ ಎಡಕ್ಕೆ ಕೊಂಕಬೇಕಾದ ತುದಿಯನ್ನು ನೆಲದ ಮೇಲೆ ಬಲಕ್ಕೆ ಇಡಬೇಕು. ಮೊದಲ ಕಿಟಕಿ, ಮೊದಲ ಸಲ. ಹನ್ನೊಂದು ಕಾಯಿಗಳನ್ನು ಮಾರಯ್ಯ ಸರಿಯಾಗಿಯೇ ಇಟ್ಟರು. ಕೆಳಗಿನ ಸಾಲಿನ ಒಂದನ್ನು ಇಡುವಾಗ ಯಾರೋ ಕರೆದರು, ತಿರುಗಿ ನೋಡಿ ಬಂದು ಇಟ್ಟರು. ಗ್ರಿಲ್ ಎತ್ತಿ ನಿಲ್ಲಿಸಿದಾಗ ಎಲ್ಲ ಕಾಯಿಗಳೂ ಎಡಕ್ಕೆ ನೋಡುತ್ತಿದ್ದರೆ ಅದೊಂದು ಬಲಕ್ಕೆ ನೋಡುತ್ತಿತ್ತು. ಕರೆಂಟ್ ಹೋಗಿತ್ತು, ಬೆಳಗಾದರೆ ಗೃಹಪ್ರವೇಶ. ಗಿರಿಜಾದೇವಿ ಕನ್ನಡಕ ಏರಿಸಿ ನೋಡಿದರು.

“ಇರಲಿ ಬಿಡಪ್ಪಾ. ಮರದ ಮೇಲೆ ಎಲ್ಲಾ ಕಾಯೂ ಒಂದೇ ಕಡೆ ನೋಡ್ತಿರುತ್ತಾ?” ಅಂದರು.

ಅದು ಉಳಿಯಿತು. ಎರಡನೇ ಕಿಟಕಿಯಿಂದ ಮಾರಯ್ಯ ತಪ್ಪು ಮಾಡಲಿಲ್ಲ. ಹುಣಸೆಕಾಯಿ ಓಡತೊಡಗಿತು. ಕೊಟ್ರಪ್ಪನವರ ಷೆಡ್ಡಿಗೆ ಜನ ಹುಡುಕಿಕೊಂಡು ಬಂದರು.

ದೇವದಾಸ್ ಬಂದದ್ದು ಆಮೇಲೆ, ಎಪ್ಪತ್ತೈದರಲ್ಲಿ. ಬಿಳೇಕಹಳ್ಳಿಯವರು, ಎಸ್ಸೆಸ್ಸೆಲ್ಸಿ ಪಾಸು, ಬೆಸುಗೆಯಲ್ಲಿ ಒಳ್ಳೆಯ ಕೈ. ಮುಖ್ಯವಾಗಿ ಅವರಿಗೆ ಕಾಗದದ ಮೇಲೆ ಬರೆಯಲು ಬರುತ್ತಿತ್ತು, ಗಿರಾಕಿಗಳ ಜೊತೆ ನಗುತ್ತಾ ಮಾತಾಡಲು ಬರುತ್ತಿತ್ತು. ಎರಡೂ ಮಾರಯ್ಯನವರಿಗೆ ಬಾರದ ವಿದ್ಯೆ. ಮಾರಯ್ಯ ನೆಲದ ಮೇಲೆ ಬರೆದದ್ದನ್ನು ದೇವದಾಸ್ ಕಾಗದಕ್ಕಿಳಿಸಿ ಗಿರಾಕಿಗೆ ತೋರಿಸುತ್ತಿದ್ದರು. ಗಿರಾಕಿ ಕಾಗದ ನೋಡಿ “ಎಷ್ಟು ಚೆನ್ನಾಗಿ ಮಾಡಿದ್ದೀಯಪ್ಪಾ” ಎಂದು ದೇವದಾಸರಿಗೆ ಹೇಳುತ್ತಿದ್ದರು. ದೇವದಾಸ್ ಇಲ್ಲವೆನ್ನುತ್ತಿರಲಿಲ್ಲ. ಮೂಲೆಯಲ್ಲಿ ನಿಂತ ಮಾರಯ್ಯ ಒಂದು ಪಟ್ಟಿ ಎತ್ತಿಕೊಂಡು ಹಲಗೆಗೆ ವಾಪಸಾಗುತ್ತಿದ್ದರು. ಆದರೂ ಇಬ್ಬರೂ ಮಧ್ಯಾಹ್ನ ಒಂದೇ ಬುತ್ತಿಗೆ ಕೈ ಹಾಕುತ್ತಿದ್ದರು.

ಎಪ್ಪತ್ತೊಂಬತ್ತರಲ್ಲಿ ದೇವದಾಸ್ ಸ್ವಂತ ಅಂಗಡಿ ಹಾಕಲೆಂದು ಕೆಲಸ ಬಿಟ್ಟರು. ಬಿಡುವ ಮೊದಲು ಚಿಕ್ಕಲಸಂದ್ರಕ್ಕೆ ಬಂದಿದ್ದರು. ಆ ಮಾತನ್ನು ಗೋವಿಂದಮ್ಮ ಇವತ್ತಿಗೂ ಬಿಡುವುದಿಲ್ಲ.

“ಇಲ್ಲೇ, ಈ ಜಗಲಿ ಮೇಲೇ ಕೂತಿದ್ದ. ‘ಅಣ್ಣಾ, ನೀನು ಬಗ್ಗಿಸು, ನಾನು ಬೆಸೀತೀನಿ, ಬೋರ್ಡಲ್ಲಿ ಇಬ್ಬರ ಹೆಸರೂ ಹಾಕ್ಸೋಣ’ ಅಂದ. ಈವಯ್ಯ ಏನಂದ ಕೇಳಿ.”

ಕೇಳುವ ಮೊದಲೇ ಗೋವಿಂದಮ್ಮನೇ ಹೇಳುತ್ತಾರೆ: “ಯೋಚ್ನೆ ಮಾಡಿ ಹೇಳ್ತೀನಿ ಅಂದ. ಇನ್ನೂ ಮಾಡ್ತಾನೇ ಅವ್ನೆ.”

ದೇವದಾಸ್ ಹೋದ ದಿನ ಕೊಟ್ರಪ್ಪನವರು ಮೊದಲು ಮಾಡಿದ ಕೆಲಸ ಗೂಟದ ಹಲಗೆಯನ್ನು ಒಳಕೋಣೆಯಲ್ಲಿಟ್ಟು ಬೀಗ ಹಾಕಿದ್ದು. ಬೆಳಿಗ್ಗೆ ತೆಗೆದುಕೊಡುವುದು, ಸಂಜೆ ಒಳಗಿಡಿಸುವುದು. ಇಬ್ಬರು ಹೊರಬೇಕಾದ ಹಲಗೆ. “ಡಿಸೈನು ನಂದು, ಒಳಗೈತಿ. ಅಂವ ಬರೀ ಕೈಲೆ ಹೋಗ್ಯಾನ” ಎಂದು ನಕ್ಕರು. ಮಾರಯ್ಯನವರಿಗೂ ಸಮಾಧಾನವಾಯಿತು. ಬಗ್ಗಿಸುವ ಕೈ ದೇವದಾಸರದಲ್ಲ, ಹಲಗೆ ಇಲ್ಲದೆ ಅಳತೆ ಸಿಗುವುದಿಲ್ಲ. ಇವನ ಅಂಗಡಿ ಯುಗಾದಿವರೆಗೆ ನಡೆದರೆ ಹೆಚ್ಚು ಎಂದು ಲೆಕ್ಕ ಹಾಕಿದರು.

ಇಬ್ಬರೂ ಒಂದು ಸಂಗತಿ ಮರೆತಿದ್ದರು. ಗ್ರಿಲ್ಲನ್ನು ಹಾಕುವುದು ಕಿಟಕಿಗೆ, ಕಿಟಕಿ ಇರುವುದು ಬೀದಿಗೆ.

ಮರುವರ್ಷ ಒಂದು ಭಾನುವಾರ ಮಾರಯ್ಯ ನೆಂಟರ ಮನೆಗೆಂದು ಜೆ.ಪಿ. ನಗರದ ಎರಡನೇ ಫೇಸಿನಲ್ಲಿ ಹೋಗುತ್ತಿದ್ದರು. ಹೊಸ ಮನೆ, ಬಣ್ಣ ಇನ್ನೂ ಹಸಿ. ಕಿಟಕಿಯಲ್ಲಿ ಹುಣಸೆಕಾಯಿ. ಕೊಟ್ರಪ್ಪನವರ ಷೆಡ್ಡಿನಿಂದ ಆ ಮನೆಗೆ ಏನೂ ಹೋಗಿರಲಿಲ್ಲ. ಸೈಕಲ್ಲಿನಿಂದ ಇಳಿದರು. ಕಾಯಿಯ ಉಬ್ಬು ಸರಿಯಾಗಿತ್ತು, ತುದಿ ಸರಿಯಾಗಿತ್ತು. ಕೆಳಗಿನ ಸಾಲಿಗೆ ಕಣ್ಣು ಹೋಯಿತು. ಅಲ್ಲಿ ಒಂದು ಕಾಯಿ ಬಲಕ್ಕೆ ತಿರುಗಿತ್ತು.

“ಸಾರ್, ನಂಗೆ ಕೋಪ ಬರಲಿಲ್ಲ” ಎನ್ನುತ್ತಾರೆ ಮಾರಯ್ಯ. “ನಗು ಬಂತು. ಸಿಕ್ಕಾಕ್ಕೊಂಡ್ಯಲ್ಲೋ ಮಗನೇ ಅಂದ್ಕೊಂಡೆ.”

ಗಿರಿಜಾದೇವಿಯವರ ಮನೆಗೆ ಹೋಗಿ ವಿಚಾರಿಸಿದರು. ಅವರು ಮುಚ್ಚುಮರೆ ಮಾಡಲಿಲ್ಲ. “ನಿಮ್ಮ ಹುಡುಗ ದೇವದಾಸ್ ಬಂದಿದ್ದ. ತುಕ್ಕು ಹಿಡಿದಿದೆಯಾ ನೋಡ್ತೀನಿ ಅಂದ. ಕಿಟಕಿಗೆ ನ್ಯೂಸ್‌ಪೇಪರ್ ಒತ್ತಿ ಇದ್ದಿಲಲ್ಲಿ ತಿಕ್ಕಿ ಅಚ್ಚು ತಗೊಂಡು ಹೋದ. ನಿಮ್ಮ ಕಡೆಯವನೇ ಅಲ್ವಾ ಅಂತ ಸುಮ್ಮನಿದ್ದೆ. ಕಾಫಿ ಕೂಡ ಕೊಟ್ಟೆ.”

ಕೆಲಸಕ್ಕೆ ಸೇರುವ ಮೊದಲೇ ಆ ಕಿಟಕಿ ಆಗಿತ್ತಾದ್ದರಿಂದ, ಬಲಕ್ಕೆ ತಿರುಗಿದ್ದು ತಪ್ಪು ಎಂದು ದೇವದಾಸರಿಗೆ ಗೊತ್ತಿರಲಿಲ್ಲ, ಮೂಲ ಡಿಸೈನೇ ಹಾಗೆ ಎಂದುಕೊಂಡರು. ಕಾಗದದಲ್ಲಿ ಹೇಗೆ ಬಂತೋ ಹಾಗೇ ಮಾಡಿದ್ದರು. ಮಾಡಿದ ಕಿಟಕಿಗಳಿಗೆಲ್ಲ ಮಾಡಿದ್ದರು.

ಮಾರಯ್ಯ ಸಾಹುಕಾರರನ್ನು ಕರೆದುಕೊಂಡು ಹೋಗಿ ತೋರಿಸಿದರು. ಸಾಹುಕಾರರು ವಕೀಲ ರಾಮಪ್ರಸಾದರ ಮನೆಗೆ ಕರೆದುಕೊಂಡು ಹೋದರು. ಜಯನಗರ ನಾಲ್ಕನೇ ಬ್ಲಾಕಿನ ಆ ಮನೆಯ ಗೇಟು ಇದೇ ಷೆಡ್ಡಿನದು. ವಕೀಲರು ಪೂರ್ತಿ ಕೇಳಿ, ಕೊಟ್ರಪ್ಪನವರ ಕಡೆ ತಿರುಗಿದರು.

“ಡಿಸೈನ್ ರಿಜಿಸ್ಟರ್ ಮಾಡಿಸಿದ್ರಾ?”

“ಹುಣಸೆಕಾಯಿಗೆ ಯಾರು ರಿಜಿಸ್ಟರ್ ಮಾಡಸ್ತಾರ್ರೀ?”

“ಕಲ್ಕತ್ತದಲ್ಲಿ ಆಫೀಸಿದೆ. ಮೊದಲ ಕಿಟಕಿ ಹಾಕೋಕೆ ಮುಂಚೆ ಮಾಡಿಸಬೇಕಿತ್ತು. ಈಗ ಆರು ವರ್ಷದಿಂದ ಬೀದಿಯಲ್ಲಿದೆ. ಬೀದಿಯಲ್ಲಿರೋದನ್ನ ಯಾರು ಬೇಕಾದ್ರೂ ಮಾಡಬಹುದು.”

“ಕದ್ದಾನಂತ ಸಾಕ್ಷಿ ಐತಲ್ರೀ, ಬಲಕ್ಕ ತಿರುಗೇತಿ!”

“ಅದು ಅವನು ನೋಡಿ ಮಾಡಿದ ಅನ್ನೋದಕ್ಕೆ ಸಾಕ್ಷಿ. ನೋಡೋದು ಅಪರಾಧ ಅಲ್ಲ.”

ಮಾರಯ್ಯ ಬಾಗಿಲ ಹತ್ತಿರ ನಿಂತಿದ್ದವರು ಒಂದು ಪ್ರಶ್ನೆ ಕೇಳಿದರು. “ಸ್ವಾಮಿ, ರಿಜಿಸ್ಟರ್ ಮಾಡ್ಸಿದ್ರೆ ಅದು ಯಾರ ಹೆಸರಲ್ಲಿ ಇರ್ತಿತ್ತು?”

ವಕೀಲರು ಕೊಟ್ರಪ್ಪನವರನ್ನು ನೋಡಿದರು. “ಇವರ ಹೆಸರಲ್ಲಿ. ಇವರ ಕೂಲಿ ತಗೊಂಡು ತಾನೇ ನೀನು ಮಾಡಿದ್ದು?”

ಕೊಟ್ರಪ್ಪನವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಈಗಲೂ ಕಾಣುವುದಿಲ್ಲ. “ಕಬ್ಬಿಣ ನಂದು, ಷೆಡ್ಡು ನಂದು, ಕರೆಂಟ್ ಬಿಲ್ ಕಟ್ಟಾಂವ ನಾನು. ಆ ದಿನ ಮಾರಯ್ಯಗ ಡಿಸೈನು ಹೊಳೀಲಿಲ್ಲಂದ್ರೂ ನಾನು ಪಗಾರ ಕೊಡತಿದ್ನಿ. ಹೊಳದ್ರೆ ಮಾತ್ರ ಅದು ಅವಂದು ಹೆಂಗಾಕ್ಕತಿ?” ಎಂದು ಕೇಳುತ್ತಾರೆ. ಕೆಟ್ಟ ಮನುಷ್ಯರಲ್ಲ. ಮಾರಯ್ಯನವರ ಮಗಳ ಮದುವೆಯಲ್ಲಿ ಮುಂದೆ ನಿಂತು ಊಟಕ್ಕೆ ಬಡಿಸಿದವರು.

ವಕೀಲರ ಮನೆಯಿಂದ ಮಾರಯ್ಯ ನೇರ ಜೆ.ಪಿ. ನಗರಕ್ಕೆ ಹೋದರು. ದೇವದಾಸರ ಅಂಗಡಿಯನ್ನು ಅದುವರೆಗೆ ಹತ್ತಿರದಿಂದ ನೋಡಿರಲಿಲ್ಲ. ನೀಲಿ ಬೋರ್ಡು, ಹಳದಿ ಅಕ್ಷರ: ‘ದೇವದಾಸ್ ಗ್ರಿಲ್ಸ್’. ಪಕ್ಕದಲ್ಲಿ ಹುಣಸೆಕಾಯಿಯ ಚಿತ್ರ. ಮುಂದೆ ಒಂದು ಬಜಾಜ್ ಸ್ಕೂಟರ್. ಒಬ್ಬ ಎಂಜಿನಿಯರ್ ಕುರ್ಚಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಮಾರಯ್ಯನವರಿಗೆ ಕದ್ದದ್ದಕ್ಕಿಂತ ಆ ಕುರ್ಚಿ ಹೆಚ್ಚು ಉರಿಸಿತು. ಕೊಟ್ರಪ್ಪನವರ ಷೆಡ್ಡಿನಲ್ಲಿ ಎಂಜಿನಿಯರುಗಳು ಮಾರಯ್ಯನವರ ಜೊತೆ ನಿಂತೂ ಮಾತಾಡಿಲ್ಲ.

“ಬಾರಣ್ಣ, ಕೂತ್ಕೋ” ಅಂದರು ದೇವದಾಸ್.

“ಕೂರಕ್ಕೆ ಬಂದಿಲ್ಲ. ನನ್ ಕಾಯಿ ಯಾಕೋ ಕದ್ದೆ?”

“ನಿನ್ ಕಾಯಾ? ಮರದ್ದಲ್ವಾ ಅದು?” ದೇವದಾಸ್ ನಕ್ಕರು. ಆಮೇಲೆ ನಗು ಬಿಟ್ಟು, “ಅಣ್ಣಾ, ನಾನು ನಿನ್ ಕೈ ಕಡ್ಕೊಂಡು ಬಂದ್ನಾ? ಕೈ ನಿನ್ನತ್ರಾನೇ ಐತೆ. ನಾಳೆ ಇನ್ನೊಂದು ಮಾಡು, ಮಾವಿನಕಾಯಿ ಮಾಡು, ಯಾರು ಬೇಡ ಅಂದ್ರು? ಬಾ ಅಂತ ಕರ್ದೆ, ಬರ್ಲಿಲ್ಲ. ಈಗ ಬಂದು ಬಯ್ತೀಯ.”

“ಕೆಳಗಿನ ಸಾಲಲ್ಲಿ ಒಂದು ಕಾಯಿ ಬಲಕ್ಕೆ ತಿರುಗೈತೆ. ಅದು ನನ್ ತಪ್ಪು ಕಣೋ. ಬೋರಲು ಇಡೋವಾಗ ಕೈ ತಪ್ಪಿದ್ದು. ನೀನು ನನ್ ತಪ್ಪನ್ನೂ ಬಿಡದೆ ಕದ್ದಿದ್ದೀಯ.”

ದೇವದಾಸ್ ಗೋಡೆಗೆ ಒರಗಿಸಿದ್ದ ಹೊಸ ಗ್ರಿಲ್ಲನ್ನು ನೋಡಿದರು. “ಹೌದಾ?” ಅಂದರು. “ಗಿರಾಕಿಗಳು ಮೊದಲು ತೋರ್ಸೋದೇ ಅದನ್ನ. ಎಲ್ಲಾ ಒಂದು ಕಡೆ ನೋಡ್ತಾವೆ, ಇದೊಂದು ನಮ್ಮನ್ನ ನೋಡ್ತದೆ ಅಂತಾರೆ. ನಾನು ಏನೋ ಬೇಕಂತ್ಲೇ ಮಾಡಿರೋದು ಅಂದ್ಕೊಂಡಿದ್ದೆ.” ಆ ಕಾಯಿಯ ಮೇಲೆ ಕೈಯಿಟ್ಟು, “ಅದೇ ಇದರಲ್ಲಿ ಚೆನ್ನಾಗಿರೋದು ಅಣ್ಣ” ಅಂದರು.

ಮಾರಯ್ಯ ಕಾಫಿ ಕುಡಿಯದೆ ವಾಪಸಾದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಎದುರಿಗೆ ಸಿಕ್ಕರೆ ಮಾರಯ್ಯ ರಸ್ತೆಯ ಇನ್ನೊಂದು ಬದಿಗೆ ಹೋಗುತ್ತಾರೆ. ದೇವದಾಸ್ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡ ಸುದ್ದಿ ಬಂದ ದಿನ ಷೆಡ್ಡಿನಲ್ಲಿ ಆರು ಕಿಟಕಿಯ ಕೆಲಸ ಮುಗಿಯಿತು. ಇದನ್ನು ಬೆಸುಗೆಯ ದಾಸಪ್ಪ ಎಲ್ಲರ ಮುಂದೆ ಹೇಳಿ ನಗುತ್ತಾರೆ, ಮಾರಯ್ಯ ಅಲ್ಲಗಳೆಯುವುದಿಲ್ಲ. ಗೋವಿಂದಮ್ಮನ ತಮ್ಮ ಕದಿರೇನಹಳ್ಳಿಯಲ್ಲಿ ಮನೆ ಕಟ್ಟಿಸಿ ದೇವದಾಸರಿಂದ ಗ್ರಿಲ್ ತಂದಾಗ ಗೃಹಪ್ರವೇಶಕ್ಕೆ ಗೋವಿಂದಮ್ಮ ಒಬ್ಬರೇ ಹೋಗಿ ಬಂದರು.

ಅದಕ್ಕಿಂತ ದೊಡ್ಡ ಏಟು ಬಿದ್ದದ್ದು ಎಂಬತ್ತೆರಡರಲ್ಲಿ. ಕೊಟ್ರಪ್ಪನವರ ಷೆಡ್ಡಿಗೆ ಬಂದ ಗಿರಾಕಿಗಳು ಹುಣಸೆಕಾಯಿ ನೋಡಿ ಮೂಗು ಮುರಿಯತೊಡಗಿದರು. ಇದು ದೇವದಾಸ್ ಗ್ರಿಲ್ ಅಲ್ಲ, ಡೂಪ್ಲಿಕೇಟು, ಬಲಕ್ಕೆ ತಿರುಗಿದ ಕಾಯಿ ಎಲ್ಲಿ ಎಂದು ಕೇಳಿದರು. ಮೂರು ಗಿರಾಕಿಗಳು ಎದ್ದು ಹೋದ ಮೇಲೆ ಸಾಹುಕಾರರು ಹಲಗೆಯ ಹತ್ತಿರ ಬಂದು ನಿಂತರು.

“ಮಾರಯ್ಯ, ಒಂದು ಕಾಯಿ ಬಲಕ್ಕ ತಿರುವಿ ಇಡಪಾ.”

“ಅದು ತಪ್ಪು ಸಾವ್ಕಾರ್ರೆ.”

“ಗಿರಾಕಿಗೆ ಅದ ಬೇಕಂತ. ನಿಂದ ತಪ್ಪು, ಮಾಡಾಕ ನಿನಗೇನು ಕಷ್ಟ?”

ಮಾರಯ್ಯ ಮಾಡಿದರು. ಮಾಡದೆ ಇರಲು ಬೇರೆ ಕೆಲಸ ಇರಲಿಲ್ಲ. ಇವತ್ತಿಗೂ ಹನ್ನೆರಡರಲ್ಲಿ ಒಂದನ್ನು ಅವರೇ ತಮ್ಮ ಕೈಯಾರೆ ತಿರುಗಿಸಿ ಇಡುತ್ತಾರೆ. ದಾಸಪ್ಪ ಇಡಲು ಬಂದರೆ ಬಿಡುವುದಿಲ್ಲ. ಬೆಸುಗೆಯ ಬೆಳಕಿಗೆ ಮುಖ ಆಚೆ ತಿರುಗಿಸಿ ನಿಲ್ಲುತ್ತಾರೆ. ನೋಡುವವರಿಗೆ ಕಣ್ಣು ಕಾಪಾಡಿಕೊಳ್ಳುತ್ತಿರುವಂತೆ ಕಾಣುತ್ತದೆ.

ತಮ್ಮದೇ ಡಿಸೈನಿಗೆ ತಾವೇ ನಕಲಿಗಾರರಾದ ಮೇಲೆ ಮಾರಯ್ಯ ಒಂದು ತೀರ್ಮಾನ ಮಾಡಿದರು. ಹೊಸದು ಕೊಡುವುದಿಲ್ಲ. ಬಿ.ಟಿ.ಎಂ. ಲೇಔಟಿನಲ್ಲಿ ಸಾಲುಸಾಲು ಮನೆ ಏಳುತ್ತಿವೆ, ಹೊಸ ಡಿಸೈನು ಬೇಕು ಎಂದು ಸಾಹುಕಾರರು ವಾರಕ್ಕೊಮ್ಮೆ ಕೇಳುತ್ತಾರೆ. “ಏನೂ ಹೊಳೀತಿಲ್ಲ ಸಾವ್ಕಾರ್ರೆ” ಎಂಬುದೊಂದೇ ಉತ್ತರ. ವಯಸ್ಸಾಯಿತು, ತಲೆ ಖಾಲಿಯಾಗಿದೆ ಎಂದು ಕೊಟ್ರಪ್ಪನವರು ನಂಬಿದ್ದಾರೆ. ಷೆಡ್ಡಿನ ನೆಲದ ಮೇಲೆ ಸೀಮೆಸುಣ್ಣದ ಗೆರೆ ಬಿದ್ದು ಬಹಳ ಕಾಲವಾಯಿತು.

ಹೊಳೆಯುತ್ತಿಲ್ಲ ಎಂಬುದು ಸುಳ್ಳು. ಭಾನುವಾರ ಬೆಳಿಗ್ಗೆ ಗೋವಿಂದಮ್ಮ ಹಿಟ್ಟು ಬೀಸಿಸಲು ಹೋದಾಗ ಮಾರಯ್ಯ ಹಿತ್ತಲ ಬಾಗಿಲಲ್ಲಿ ಕೂತು, ಕಂಬಿ ಕಟ್ಟುವ ತೆಳು ಬೈಂಡಿಂಗ್ ವೈರನ್ನು ಬೆರಳಲ್ಲೇ ಬಗ್ಗಿಸುತ್ತಾರೆ. ಚಿಕ್ಕದಾಗಿ ಬರೆಯಲು ಬಾರದ ಕೈಗೆ ಚಿಕ್ಕದಾಗಿ ಬಗ್ಗಿಸಲು ಬರುತ್ತದೆ. ಅಂಗೈಯಗಲದ ಒಂದು ಕಿಟಕಿ ಆಗುತ್ತದೆ. ಅದನ್ನು ಬೆಳಕಿಗೆ ಹಿಡಿದು, ನೆರಳು ಗೋಡೆಯ ಮೇಲೆ ಹೇಗೆ ಬೀಳುತ್ತದೆ ನೋಡುತ್ತಾರೆ. ಚೆನ್ನಾಗಿದ್ದರೆ ಇನ್ನಷ್ಟು ಹೊತ್ತು ನೋಡುತ್ತಾರೆ. ಆಮೇಲೆ ಇಕ್ಕಳ ತೆಗೆದುಕೊಂಡು ವೈರನ್ನು ಮೊದಲಿನಿಂದ ಕೊನೆಯವರೆಗೆ ನೇರ ಮಾಡಿಬಿಡುತ್ತಾರೆ.

“ಷೆಡ್ಡಲ್ಲಿ ಮಾಡಿದ್ರೆ ಸಾವ್ಕಾರ್ರದ್ದು. ಕಿಟಕಿಗೆ ಹಾಕಿದ್ರೆ ಬೀದೀದು. ಬೀದೀದು ಅಂದ್ರೆ ದೇವದಾಸಂದು” ಎನ್ನುತ್ತಾರೆ. “ನಂದು ಅಂತ ಇರೋದು ಇಕ್ಕಳ ಹಿಡಿಯೋವರೆಗೆ.”

ಮನೆಯ ಕಿಟಕಿಗೆ ಗ್ರಿಲ್ ಇಲ್ಲದಿರುವುದು ಇದಕ್ಕೇ. ಹುಣಸೆಕಾಯಿ ಹಾಕಲು ಮನಸ್ಸಿಲ್ಲ, ದೇವದಾಸ್ ಗ್ರಿಲ್ ತಂದಿದ್ದೀಯಾ ಎಂದು ಯಾರಾದರೂ ಕೇಳಿಯಾರು. ಹೊಸದು ಹಾಕಲು ಧೈರ್ಯವಿಲ್ಲ. ಉತ್ತರಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ದೇವದಾಸರ ಸ್ಕೂಟರು ವಾರಕ್ಕೆರಡು ಸಲ ಈ ಬೀದಿ ಹಾಯುತ್ತದೆ.

ಗೋವಿಂದಮ್ಮನಿಗೆ ವೈರಿನ ವಿಷಯ ಮೊದಲಿನಿಂದಲೂ ಗೊತ್ತು. ನೇರ ಮಾಡಿ ಎಸೆದದ್ದನ್ನು ಆಕೆ ಎತ್ತಿಟ್ಟುಕೊಂಡು ಹೀರೇಬಳ್ಳಿಯ ಚಪ್ಪರಕ್ಕೆ ಕಟ್ಟಿದ್ದಾರೆ. “ಆ ದೇವದಾಸ ಏನು ಕದ್ದ? ಒಂದು ಕದ್ದ” ಎನ್ನುತ್ತಾರೆ. “ಈವಯ್ಯನೇ ನೋಡಿ ಎಷ್ಟು ಹಾಳು ಮಾಡಾಕವ್ನೆ.”

“ನಿಂಗೇನು ಗೊತ್ತು, ಸುಮ್ಕಿರು.”

“ಬೆಕ್ಕಿಗೆ ಗೊತ್ತು ಬಿಡು ನಿನ್ ಕಥೆ. ದಿನಾ ಹಾಲು ಕುಡ್ಕೊಂಡು ನಿನ್ನ ಹೆಸರು ಹೇಳ್ಕೊಂಡು ಹೋಗ್ತದೆ.”

ಮಾರಯ್ಯನವರಿಗೆ ಒಂದು ಆಸೆ ಇದೆ. ಎಂದಾದರೂ ಸ್ವಂತ ಮನೆ ಕಟ್ಟಿದರೆ ನಡುವೆ ಸಣ್ಣದೊಂದು ತೊಟ್ಟಿಯಂಗಳ ಬಿಡಿಸಿ, ಆ ತೊಟ್ಟಿಗೆ ತೆರೆಯುವಂತೆ ಒಂದು ಕಿಟಕಿ ಇಡಿಸಬೇಕು. ಬೀದಿಯಿಂದ ಯಾರಿಗೂ ಕಾಣಬಾರದು. ಅದಕ್ಕೆ ಹೊಸ ಡಿಸೈನು ಹಾಕುತ್ತಾರಂತೆ.

“ಯಾರೂ ನೋಡ್ದಿದ್ಮೇಲೆ ಯಾಕ್ ಹಾಕ್ಬೇಕು?” ಎಂದರು ಗೋವಿಂದಮ್ಮ.

“ನಾನು ನೋಡ್ತೀನಲ್ಲ” ಎಂದರು ಮಾರಯ್ಯ.

ಆ ಕಿಟಕಿಗೆ ಯಾವ ಡಿಸೈನು ಎಂದರೆ ಹೇಳುವುದಿಲ್ಲ. “ಬೇಡ ಸಾರ್. ನಿಮ್ ಪೇಪರ್ ದೇವದಾಸೂ ಓದ್ತಾನೆ.” ಬೇಕಾದರೆ ಎಷ್ಟು ಡಿಸೈನಿವೆ ಎಂದು ಹೇಳುತ್ತೇನೆ ಎಂದು ಹೀರೇಬಳ್ಳಿಯ ಚಪ್ಪರದ ಹತ್ತಿರ ಹೋದರು. ನೇರ ಮಾಡಿದ ವೈರು ಪೂರ್ತಿ ನೇರವಾಗುವುದಿಲ್ಲ, ಬಾಗಿದ್ದ ಕಡೆಯೆಲ್ಲ ಸಣ್ಣ ಸೊಟ್ಟ ಉಳಿಯುತ್ತದೆ. ಮಾರಯ್ಯ ಚಪ್ಪರದ ಒಂದೊಂದೇ ವೈರಿನ ಮೇಲೆ ಬೆರಳಾಡಿಸಿ, ಸೊಟ್ಟ ಹಿಡಿದು ನೋಡಿ, ಕಣ್ಣು ಮುಚ್ಚಿ, ತುಟಿಯೊಳಗೇ ಒಂದು ಹೆಸರು ಹೇಳಿಕೊಂಡು ಮುಂದಿನದಕ್ಕೆ ಹೋದರು. ಕೆಲವು ವೈರುಗಳ ಹತ್ತಿರ ಬಹಳ ಹೊತ್ತು ನಿಂತರು. ಹೆಸರು ಬರಲಿಲ್ಲ. ಗೋವಿಂದಮ್ಮ ಅಡ್ಡ ಬಂದ ಬಳ್ಳಿಯನ್ನು ಸರಿಸಿ ಹಿಡಿದುಕೊಂಡರು.

ಚಪ್ಪರದಲ್ಲಿದ್ದದ್ದು ಹದಿನೇಳು ವೈರು. ಮಾರಯ್ಯನವರಿಗೆ ನೆನಪಿರುವುದು ಒಂಬತ್ತು. ಎಂಟು ಹೋದವು.